ಡೇಟಾಬೇಸ್ ಬ್ಯಾಕಪ್: ರಿಸ್ಟೋರ್‌ನಿಂದಲೇ ಕೆಲಸ ಆರಂಭಿಸಿ

2017ರ ಜನವರಿ 31ರ ರಾತ್ರಿ ತಂತ್ರಾಂಶ ಬರೆಯುವವರ ಕೋಡ್ ಇಟ್ಟುಕೊಳ್ಳುವ ಆನ್‌ಲೈನ್ ಸೇವೆ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು, ಮೊದಲ ಸರ್ವರ್‌ನ ನಕಲಾಗಿರಬೇಕಿದ್ದೂ ಹಿಂದೆ ಬಿದ್ದಿದ್ದ ಎರಡನೇ ಡೇಟಾಬೇಸ್ ಸರ್ವರ್ ಅನ್ನು ಸರಿಪಡಿಸುತ್ತಿದ್ದರು. ಅದರ ಡೇಟಾ ಡೈರೆಕ್ಟರಿಯನ್ನು ಖಾಲಿ ಮಾಡಿ, ಮೊದಲ ಸರ್ವರ್‌ನಿಂದ ಹೊಸದಾಗಿ ನಕಲು ತರಿಸಿಕೊಳ್ಳುವುದು ಅವರ ಉದ್ದೇಶವಾಗಿತ್ತು. ಅಳಿಸುವ ಆಜ್ಞೆ ಓಡಿದ್ದು ಮೊದಲ ಸರ್ವರ್‌ನಲ್ಲಿ, ಅಂದರೆ ಗ್ರಾಹಕರ ಡೇಟಾ ಜೀವಂತವಾಗಿದ್ದ ಯಂತ್ರದಲ್ಲಿ. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸುವ ಹೊತ್ತಿಗೆ ಸುಮಾರು 300 ಗಿಗಾಬೈಟ್‌ನಲ್ಲಿ ಉಳಿದಿದ್ದು 4.5 ಗಿಗಾಬೈಟ್ ಮಾತ್ರ.

ಆಮೇಲೆ ಬ್ಯಾಕಪ್‌ಗಳನ್ನು ಒಂದೊಂದಾಗಿ ಹುಡುಕಿದರು. ದಿನಕ್ಕೊಮ್ಮೆ ತೆಗೆಯಬೇಕಿದ್ದ ಡಂಪ್ (ಡೇಟಾಬೇಸ್‌ನಲ್ಲಿರುವುದನ್ನು ಫೈಲ್‌ಗೆ ಬರೆದಿಡುವ ನಕಲು) ಸದ್ದಿಲ್ಲದೆ ವಿಫಲವಾಗುತ್ತಿತ್ತು: ಡೇಟಾಬೇಸ್ ಪೋಸ್ಟ್‌ಗ್ರೆಸ್ ಎಂಬ ತಂತ್ರಾಂಶದ 9.6ನೇ ಆವೃತ್ತಿಯದು, ಡಂಪ್ ತೆಗೆಯುವ ಸಾಧನ 9.2ರದು. ವಿಫಲವಾಯಿತೆಂದು ತಿಳಿಸುವ ಇಮೇಲ್‌ಗಳು ಹೊರಟಿದ್ದರೂ, ದೃಢೀಕರಣವಿಲ್ಲದ ಕಾರಣ ಅವು ತಿರಸ್ಕೃತವಾಗಿ ಯಾರ ಕೈಗೂ ತಲುಪಿರಲಿಲ್ಲ. ಡಂಪ್ ಹೋಗಿ ಸೇರಬೇಕಿದ್ದ ಎಸ್3 ಎಂಬ ಅಮೆಜಾನ್ ಕ್ಲೌಡ್ ಸಂಗ್ರಹ ಖಾಲಿ ಇತ್ತು. ಕ್ಲೌಡ್‌ನ ಡಿಸ್ಕ್ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಸ್ಥಿತಿಯ ನಕಲು) ಸೌಲಭ್ಯವನ್ನು ಡೇಟಾಬೇಸ್ ಸರ್ವರ್‌ಗಳಿಗೆ ಆನ್ ಮಾಡಿರಲೇ ಇಲ್ಲ. ಕೊನೆಗೆ ಕೈಹಿಡಿದದ್ದು, ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಸೇವೆ ಮತ್ತೆ ಆರಂಭವಾಗಲು ಸುಮಾರು 18 ಗಂಟೆ ಬೇಕಾಯಿತು. ಸುಮಾರು 5,000 ಪ್ರಾಜೆಕ್ಟ್, 5,000 ಟಿಪ್ಪಣಿ ಮತ್ತು 700 ಹೊಸ ಖಾತೆಗಳಿಗೆ ಸಂಬಂಧಿಸಿದ ಡೇಟಾ ಹೋಯಿತು. ಸಂಸ್ಥೆ ಇದೆಲ್ಲವನ್ನೂ ಮುಚ್ಚಿಡದೆ ಪ್ರಕಟಿಸಿತು. ಡೇಟಾಬೇಸ್ ನೋಡಿಕೊಳ್ಳುವ ಎಲ್ಲರಿಗೂ ಅದು ದೊಡ್ಡ ಉಪಕಾರ.

ಅಲ್ಲಿ ಬ್ಯಾಕಪ್ ವಿಧಾನಗಳಿಗೆ ಕೊರತೆ ಇರಲಿಲ್ಲ. ಅವುಗಳಿಂದ ಡೇಟಾ ವಾಪಸು ಬರುತ್ತದೆಯೇ ಎಂದು ಪರೀಕ್ಷಿಸುವ ವಾಡಿಕೆ ಇರಲಿಲ್ಲ. ಆದ್ದರಿಂದ ಈ ಲೇಖನದ ಪ್ರತಿ ಹಂತವನ್ನೂ ರಿಸ್ಟೋರ್ ಮಾಡುವ, ಅಂದರೆ ಬ್ಯಾಕಪ್‌ನಿಂದ ಡೇಟಾ ಮರಳಿ ತುಂಬಿಸುವ ದಿನವನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದ್ದೇನೆ. ಸಹಕಾರ ಸಂಘ, ಕಾಲೇಜು, ನರ್ಸಿಂಗ್ ಹೋಂ, ಸಣ್ಣ ಕಂಪನಿ ಇಂಥ ಕಡೆ ಒಬ್ಬರೋ ಇಬ್ಬರೋ ಸೇರಿ ಡೇಟಾಬೇಸ್ ನೋಡಿಕೊಳ್ಳುತ್ತಿರುತ್ತಾರಲ್ಲ, ಇದು ಅವರಿಗಾಗಿ. ಮುಖ್ಯ ಉದಾಹರಣೆ ಲಿನಕ್ಸ್ ಸರ್ವರ್ ಮೇಲಿನ ಪೋಸ್ಟ್‌ಗ್ರೆಸ್. ಇನ್ನೊಂದು ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್ ಬೇರೆಯಾಗುವ ಕಡೆ ಅದನ್ನೂ ಹೇಳಿದ್ದೇನೆ. ಆಜ್ಞೆಗಳ ಹೆಸರು ಇಲ್ಲಿ ಕನ್ನಡ ಲಿಪಿಯಲ್ಲಿವೆ; ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳನ್ನು ಬಳಸಿ.

1. ಎರಡು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ

ಎಷ್ಟು ಹೊತ್ತಿನ ಡೇಟಾ ಹೋದರೆ ತಡೆದುಕೊಳ್ಳಬಹುದು? ಎಷ್ಟು ಹೊತ್ತು ಕೆಲಸ ನಿಂತರೆ ತಡೆದುಕೊಳ್ಳಬಹುದು? ಇವನ್ನು ತಾಂತ್ರಿಕ ಸಿಬ್ಬಂದಿ ತಾವೇ ಊಹಿಸಿಕೊಳ್ಳಬಾರದು. ಕಾರ್ಯದರ್ಶಿಯನ್ನೋ ಮ್ಯಾನೇಜರನ್ನೋ ಕೂರಿಸಿಕೊಂಡು ಕೇಳಿ.

ಒಂದು ಪತ್ತಿನ ಸಹಕಾರ ಸಂಘವನ್ನು ತೆಗೆದುಕೊಳ್ಳಿ. ರಾತ್ರಿ 11ಕ್ಕೆ ಡಂಪ್ ಆಗುತ್ತದೆ, ಮರುದಿನ ಸಂಜೆ 4ಕ್ಕೆ ಡಿಸ್ಕ್ ಕೆಡುತ್ತದೆ. ಅಂದಿನ ಜಮಾ, ಸಾಲದ ಕಂತು, ಪಿಗ್ಮಿ ಸಂಗ್ರಹ ಎಲ್ಲವೂ ಹೋದಂತೆ. ಕಾಗದದ ಚಲನ್‌ಗಳಿದ್ದರೆ ನಾಲ್ಕು ಜನ ಕುಳಿತು ರಾತ್ರಿಯೊಳಗೆ ಮತ್ತೆ ನಮೂದಿಸಬಹುದು. ಅಂಥ ಸಂಘಕ್ಕೆ ದಿನಕ್ಕೊಂದು ಡಂಪ್ ಸಾಕೆನ್ನಬಹುದು. ಆದರೆ ಮೊಬೈಲ್ ಮೂಲಕವೇ ಹಣ ಬರುತ್ತಿದ್ದರೆ, ಅಥವಾ ಅದು ಆಸ್ಪತ್ರೆಯ ಲ್ಯಾಬ್ ಆಗಿದ್ದು ಫಲಿತಾಂಶಗಳು ಯಂತ್ರದಿಂದ ನೇರವಾಗಿ ಡೇಟಾಬೇಸ್‌ಗೆ ಹೋಗುತ್ತಿದ್ದರೆ, ಮತ್ತೆ ನಮೂದಿಸಲು ಕಾಗದವೇ ಇರುವುದಿಲ್ಲ. ಅಲ್ಲಿ ನಿಮಿಷಗಳ ಲೆಕ್ಕ ಬರುತ್ತದೆ, 6ನೇ ಹಂತದ ವ್ಯವಸ್ಥೆ ಬೇಕಾಗುತ್ತದೆ.

ಸಿಕ್ಕ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. ಹೆಚ್ಚುವರಿ ಡಿಸ್ಕ್‌ಗೆ ಹಣ ಕೇಳುವಾಗ ಆ ಹಾಳೆಯಷ್ಟು ಬಲ ಕೊಡುವ ವಾದ ಬೇರೊಂದಿಲ್ಲ.

2. ಬ್ಯಾಕಪ್ ಎಂದು ನಂಬಬಾರದವು

ಮುಖ್ಯ ಸರ್ವರ್‌ನ ಬದಲಾವಣೆಗಳನ್ನು ಆಗಿಂದಾಗಲೇ ನಕಲಿಸಿಕೊಳ್ಳುವ ರೆಪ್ಲಿಕಾ ಸರ್ವರ್ ಬ್ಯಾಕಪ್ ಅಲ್ಲ. ಷರತ್ತು ಹಾಕುವುದನ್ನು ಮರೆತು ಯಾರೋ ಓಡಿಸಿದ ಅಪ್‌ಡೇಟ್ ಆಜ್ಞೆ ಕ್ಷಣಮಾತ್ರದಲ್ಲಿ ರೆಪ್ಲಿಕಾದ ಮೇಲೂ ನಡೆದುಹೋಗಿರುತ್ತದೆ. ರೇಡ್ ಡಿಸ್ಕ್‌ಗಳೂ ಅಷ್ಟೇ: ಅವು ಡಿಸ್ಕ್ ಕೆಟ್ಟಾಗ ಕಾಪಾಡುತ್ತವೆ, ಕೈತಪ್ಪಿನಿಂದ ಕಾಪಾಡುವುದಿಲ್ಲ.

ಇದಕ್ಕಿಂತ ಅಪಾಯಕಾರಿ ಅಭ್ಯಾಸವೆಂದರೆ ಡೇಟಾಬೇಸ್ ಓಡುತ್ತಿರುವಾಗಲೇ ಅದರ ಡೇಟಾ ಡೈರೆಕ್ಟರಿಯನ್ನು ಫೈಲ್‌ಗಳಾಗಿ ನಕಲಿಸಿಡುವುದು. ನಕಲು ನಡೆಯುವ ಹೊತ್ತಿನಲ್ಲೇ ಫೈಲ್‌ಗಳು ಬದಲಾಗುತ್ತಿರುತ್ತವೆ. ಮೊದಲ ಫೈಲ್ ಒಂದು ಗಳಿಗೆಯದು, ಕೊನೆಯ ಫೈಲ್ ಇನ್ನೊಂದು ಗಳಿಗೆಯದು. ನೋಡಲು ಗಾತ್ರ ಸರಿಯಾಗಿರುತ್ತದೆ, ಕೆಲವೊಮ್ಮೆ ಸರ್ವರ್ ಶುರುವೂ ಆಗುತ್ತದೆ. ಒಳಗೆ ಹಾಳಾಗಿರುವ ಪುಟಗಳು ಮುಂದೆ ಯಾವತ್ತೋ ಹೊರಗೆ ಬರುತ್ತವೆ. ಅಂಗಡಿಯ ಬಿಲ್ಲಿಂಗ್ ತಂತ್ರಾಂಶಗಳು ಬಳಸುವ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್‌ಗೂ ಇದೇ ಎಚ್ಚರ ಬೇಕು. ಒಂದೇ ಫೈಲ್ ತಾನೇ ಎಂದು ಎಳೆದು ಪೆನ್‌ಡ್ರೈವ್‌ಗೆ ಹಾಕಿದರೆ, ಪಕ್ಕದ ಲಾಗ್ ಫೈಲ್‌ನಲ್ಲಿದ್ದ ಇತ್ತೀಚಿನ ನಮೂದುಗಳು ಬಿಟ್ಟುಹೋಗಬಹುದು. ಅದರದೇ ಬ್ಯಾಕಪ್ ಆಜ್ಞೆಯನ್ನು ಬಳಸಿ.

3. ಡಂಪ್ ತೆಗೆಯುವುದು

ಪೋಸ್ಟ್‌ಗ್ರೆಸ್‌ನಲ್ಲಿ ಕೆಲಸ ಸರಳ:

ಪಿಜಿ_ಡಂಪ್ --ಫಾರ್ಮ್ಯಾಟ್=ಕಸ್ಟಮ್ --ಫೈಲ್=ಸಂಘ.ಡಂಪ್ ಸಂಘ

ಡಂಪ್ ಆರಂಭವಾದ ಕ್ಷಣದಲ್ಲಿ ಡೇಟಾಬೇಸ್ ಹೇಗಿತ್ತೋ ಹಾಗೇ, ಎಲ್ಲ ಟೇಬಲ್‌ಗಳೂ ಒಂದಕ್ಕೊಂದು ತಾಳೆಯಾಗುವಂತೆ ಇದು ಸೆರೆಹಿಡಿಯುತ್ತದೆ. ಆ ಹೊತ್ತಿನಲ್ಲಿ ಕೌಂಟರಿನ ಕೆಲಸ ನಿಲ್ಲಿಸಬೇಕಾಗಿಲ್ಲ. ಒಂದನ್ನು ಮಾತ್ರ ತಪ್ಪಿಸಿ: ಡಂಪ್ ಓಡುತ್ತಿರುವಾಗ ಟೇಬಲ್‌ನ ರಚನೆ ಬದಲಿಸಬೇಡಿ. ಅಂಥ ಬದಲಾವಣೆ ಡಂಪ್ ಮುಗಿಯುವವರೆಗೆ ಕಾಯುತ್ತ ನಿಲ್ಲುತ್ತದೆ, ಅದರ ಹಿಂದೆ ಬಂದ ಸಾಮಾನ್ಯ ಓದು ಬರಹಗಳೂ ಸಾಲುಗಟ್ಟಿ ನಿಲ್ಲುತ್ತವೆ. ತಂತ್ರಾಂಶದ ಅಪ್‌ಗ್ರೇಡ್ ಮತ್ತು ರಾತ್ರಿಯ ಬ್ಯಾಕಪ್ ಒಂದೇ ಗಂಟೆಗೆ ಬಿದ್ದರೆ ಇದೇ ಗತಿ.

ಕಸ್ಟಮ್ ನಮೂನೆಯನ್ನೇ ಶಿಫಾರಸು ಮಾಡುತ್ತೇನೆ. ಅದು ತಾನಾಗಿಯೇ ಕುಗ್ಗಿಸಿಕೊಳ್ಳುತ್ತದೆ, ಅದರಿಂದ ಬೇಕಾದ ಟೇಬಲ್ ಒಂದನ್ನೇ ಹೊರತೆಗೆಯಬಹುದು, ರಿಸ್ಟೋರ್ ಮಾಡುವಾಗ ಹಲವು ಟೇಬಲ್‌ಗಳನ್ನು ಏಕಕಾಲಕ್ಕೆ ತುಂಬಿಸಬಹುದು. ಸಾದಾ ಪಠ್ಯದ ಡಂಪ್‌ನಲ್ಲಿ ಈ ಅನುಕೂಲಗಳಿಲ್ಲ. ಡೇಟಾಬೇಸ್ ತೀರಾ ದೊಡ್ಡದಾಗಿದ್ದರೆ ಡೈರೆಕ್ಟರಿ ನಮೂನೆ ಬಳಸಿ. ಡಂಪ್ ತೆಗೆಯುವುದನ್ನೂ ಹಲವು ಎಳೆಗಳಲ್ಲಿ ನಡೆಸಲು ಅವಕಾಶವಿರುವುದು ಅದೊಂದರಲ್ಲಿ ಮಾತ್ರ.

ಅನೇಕರು ಮರೆಯುವ ಭಾಗ ಇನ್ನೊಂದಿದೆ. ಪಿಜಿ_ಡಂಪ್ ಒಂದು ಡೇಟಾಬೇಸನ್ನಷ್ಟೇ ತೆಗೆಯುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್, ಯಾರು ಯಾವ ಗುಂಪಿಗೆ ಸೇರಿದವರು ಎಂಬ ವಿವರಗಳು ಇಡೀ ಸರ್ವರ್‌ಗೆ ಸೇರಿದವು. ಅವು ಡಂಪ್‌ನಲ್ಲಿ ಇರುವುದಿಲ್ಲ. ಪಿಜಿ_ಡಂಪ್ಆಲ್ ಆಜ್ಞೆಗೆ --ಗ್ಲೋಬಲ್ಸ್-ಓನ್ಲಿ ಸೇರಿಸಿ ಅವನ್ನು ಬೇರೆ ಫೈಲ್‌ಗೆ ತೆಗೆದಿಡಿ. ಇದಿಲ್ಲದೆ ಹೊಸ ಯಂತ್ರದಲ್ಲಿ ರಿಸ್ಟೋರ್ ಮಾಡಿದಾಗ, ಇಂಥ ಬಳಕೆದಾರ ಇಲ್ಲ ಎಂಬ ದೋಷ ಸಾಲು ಸಾಲಾಗಿ ಬರುತ್ತದೆ. ಡೇಟಾ ಬಂದಿದ್ದರೂ ತಂತ್ರಾಂಶ ಅದನ್ನು ಮುಟ್ಟಲಾಗುವುದಿಲ್ಲ. ಸರ್ವರ್‌ನ ಸಂರಚನಾ ಫೈಲ್‌ಗಳನ್ನೂ ಜೊತೆಗೇ ಇಡಿ.

ಆವೃತ್ತಿಯ ವಿಷಯ ಗಿಟ್‌ಲ್ಯಾಬ್ ಪ್ರಕರಣದಲ್ಲೇ ಇದೆ: ಪಿಜಿ_ಡಂಪ್ ತನಗಿಂತ ಹಳೆಯ ಸರ್ವರ್‌ನಿಂದ ಡಂಪ್ ತೆಗೆಯಬಲ್ಲದು, ತನಗಿಂತ ಹೊಸ ಮುಖ್ಯ ಆವೃತ್ತಿಯನ್ನು ಮುಟ್ಟಲು ನಿರಾಕರಿಸುತ್ತದೆ. ಸರ್ವರ್ ಮೇಲ್ದರ್ಜೆಗೇರಿಸಿದ ದಿನವೇ ಬ್ಯಾಕಪ್ ಯಂತ್ರದ ಸಾಧನವನ್ನೂ ಬದಲಿಸಿ.

ಮೈಎಸ್‌ಕ್ಯೂಎಲ್‌ನಲ್ಲಿ ಮೈಎಸ್‌ಕ್ಯೂಎಲ್‌ಡಂಪ್ ಬಳಸುವಾಗ --ಸಿಂಗಲ್-ಟ್ರಾನ್ಸಾಕ್ಷನ್ ಕಡ್ಡಾಯವಾಗಿ ಸೇರಿಸಿ. ಟೇಬಲ್‌ಗಳೆಲ್ಲ ಒಂದೇ ಕ್ಷಣದವಾಗಿರುತ್ತವೆ ಎಂಬ ಭರವಸೆ ಅದರಿಂದ ಸಿಗುತ್ತದೆ, ಅದೂ ಇನ್ನೋಡಿಬಿ ಎಂಬ ಬಗೆಯ ಟೇಬಲ್‌ಗಳಿಗೆ ಮಾತ್ರ. ಹಳೆಯ ತಂತ್ರಾಂಶಗಳಲ್ಲಿ ಮೈಐಸ್ಯಾಮ್ ಎಂಬ ಹಳೆಯ ಬಗೆಯ ಟೇಬಲ್‌ಗಳು ಉಳಿದಿದ್ದರೆ ಡಂಪ್ ನಡೆಯುವಾಗಲೇ ಅವು ಬದಲಾಗಬಹುದು. ಮೊದಲು ಅವನ್ನು ಇನ್ನೋಡಿಬಿಗೆ ಪರಿವರ್ತಿಸುವುದು ಒಳ್ಳೆಯದು. --ರೂಟೀನ್ಸ್ ಮತ್ತು --ಈವೆಂಟ್ಸ್ ಎಂಬೆರಡನ್ನೂ ಹೇಳಿ ಸೇರಿಸಬೇಕು. ಟ್ರಿಗರ್‌ಗಳು (ಟೇಬಲ್ ಬದಲಾದಾಗ ತಾವೇ ಓಡುವ ಆಜ್ಞೆಗಳು) ತಾವಾಗಿ ಬರುತ್ತವೆ. ಸ್ಟೋರ್ಡ್ ಪ್ರೊಸೀಜರ್‌ಗಳು (ಡೇಟಾಬೇಸ್‌ನೊಳಗೇ ಬರೆದಿಟ್ಟ ಚಿಕ್ಕ ಪ್ರೋಗ್ರಾಂಗಳು) ಮತ್ತು ವೇಳಾಪಟ್ಟಿಯ ಕೆಲಸಗಳು ಹೇಳದಿದ್ದರೆ ಬರುವುದಿಲ್ಲ. ಬಡ್ಡಿ ಲೆಕ್ಕ ಹಾಕುವ ಪ್ರೊಸೀಜರ್ ಬಂದಿಲ್ಲವೆಂದು ತಿಂಗಳ ಕೊನೆಯಲ್ಲಿ ಗೊತ್ತಾದರೆ ಪ್ರಯೋಜನವಿಲ್ಲ.

4. ರಾತ್ರಿ ತಾನಾಗಿ ಓಡುವಂತೆ ಮಾಡುವುದು

ಕೈಯಾರೆ ಓಡಿಸಿದಾಗ ಸರಿ ಬಂದ ಡಂಪ್, ನಿಗದಿತ ಹೊತ್ತಿಗೆ ಆಜ್ಞೆ ಓಡಿಸುವ ಕ್ರಾನ್‌ಗೆ ಒಪ್ಪಿಸಿದ ಮೇಲೆ ಕೆಡುವುದು ಸಾಮಾನ್ಯ. ಅದಕ್ಕೆ ಕಾರಣಗಳು ಬೆರಳೆಣಿಕೆಯಷ್ಟು, ಎಲ್ಲವೂ ಮೊದಲೇ ತಿಳಿದಿರಬೇಕಾದವು.

ಕ್ರಾನ್ ಸಾಲಿನಲ್ಲಿ ಶೇಕಡಾ ಚಿಹ್ನೆಗೆ ವಿಶೇಷ ಅರ್ಥವಿದೆ: ಅದು ಅಲ್ಲಿಗೇ ಆಜ್ಞೆಯನ್ನು ಕತ್ತರಿಸುತ್ತದೆ. ಫೈಲ್ ಹೆಸರಿಗೆ ದಿನಾಂಕ ಸೇರಿಸಲು ಡೇಟ್ ಆಜ್ಞೆ ಬಳಸುವವರೆಲ್ಲ ಇಲ್ಲಿ ಎಡವುತ್ತಾರೆ. ಇಡೀ ಕೆಲಸವನ್ನು ಒಂದು ಸ್ಕ್ರಿಪ್ಟ್ ಫೈಲ್‌ನಲ್ಲಿ ಬರೆದು, ಕ್ರಾನ್‌ನಿಂದ ಆ ಫೈಲನ್ನಷ್ಟೇ ಕರೆಯಿರಿ. ಕ್ರಾನ್‌ಗೆ ನಿಮ್ಮ ಟರ್ಮಿನಲ್‌ನ ಪಾತ್ (ಆಜ್ಞೆಗಳನ್ನು ಹುಡುಕುವ ಡೈರೆಕ್ಟರಿಗಳ ಪಟ್ಟಿ) ಸಿಗುವುದಿಲ್ಲ, ಆದ್ದರಿಂದ ಆಜ್ಞೆಗಳಿಗೆ ಪೂರ್ಣ ವಿಳಾಸ ಕೊಡಿ.

ಎರಡನೆಯದು ಸಮಯ. ಕ್ಲೌಡ್ ಸರ್ವರ್‌ಗಳು ಸಾಮಾನ್ಯವಾಗಿ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಗಡಿಯಾರದಲ್ಲಿ ಓಡುತ್ತವೆ. ರಾತ್ರಿ 2 ಗಂಟೆಗೆ ಎಂದು ಬರೆದದ್ದು ನಮ್ಮಲ್ಲಿ ಬೆಳಗ್ಗೆ 7.30ಕ್ಕೆ ನಡೆಯುತ್ತದೆ. ರಾತ್ರಿ ಓಡಬೇಕಾದ ಡಂಪ್ ಬೆಳಗಿನ ಕೆಲಸದೊಂದಿಗೆ ಪೈಪೋಟಿಗೆ ಬೀಳುತ್ತದೆ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಡಂಪ್‌ನ ಹೊರಹರಿವನ್ನು ಪೈಪ್ ಮೂಲಕ ಜಿಜಿಪ್‌ಗೆ ಕೊಟ್ಟು ಕುಗ್ಗಿಸುವ ಪದ್ಧತಿ ಎಲ್ಲೆಡೆ ಇದೆ. ಆಜ್ಞೆಗಳನ್ನು ಓಡಿಸುವ ಶೆಲ್ ಇಂಥ ಸಾಲಿನ ಯಶಸ್ಸನ್ನು ಕೊನೆಯ ಆಜ್ಞೆಯಿಂದ ಅಳೆಯುತ್ತದೆ. ಡಂಪ್ ಅರ್ಧಕ್ಕೆ ಸತ್ತರೂ ಜಿಜಿಪ್ ತನಗೆ ಸಿಕ್ಕಷ್ಟನ್ನು ಅಚ್ಚುಕಟ್ಟಾಗಿ ಕುಗ್ಗಿಸಿ ಯಶಸ್ಸು ಎಂದು ಹೇಳುತ್ತದೆ. ಹೀಗೆ ದಿನಾ ಒಂದು ಫೈಲ್ ಬರುತ್ತದೆ, ತೆರೆದರೆ ಅರ್ಧ ಡೇಟಾಬೇಸ್. ಬ್ಯಾಷ್ ಸ್ಕ್ರಿಪ್ಟ್‌ನ ಮೊದಲಲ್ಲೇ ಸೆಟ್ -ಒ ಪೈಪ್‌ಫೇಲ್ ಎಂದು ಬರೆದರೆ ಸಾಲಿನ ಯಾವ ಕೊಂಡಿ ಮುರಿದರೂ ಗೊತ್ತಾಗುತ್ತದೆ. ಸಾದಾ ಪಠ್ಯದ ಡಂಪ್ ಆಗಿದ್ದರೆ ಫೈಲ್‌ನ ಕೊನೆಯನ್ನೂ ನೋಡಿ: ಎರಡೂ ಡೇಟಾಬೇಸ್‌ಗಳ ಸಾಧನಗಳು ಡಂಪ್ ಪೂರ್ಣವಾಯಿತು ಎಂಬ ಟಿಪ್ಪಣಿಯನ್ನು ಅಲ್ಲಿ ಬರೆದು ಮುಗಿಸುತ್ತವೆ. ಅದಿಲ್ಲದ ಫೈಲ್ ಅಪೂರ್ಣ.

ಡಂಪ್ ಅನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆಯಿಸಿ, ಯಶಸ್ಸು ಖಚಿತವಾದ ಮೇಲೆ ನಿಜವಾದ ಹೆಸರಿಗೆ ಬದಲಿಸಿ. ಹಳೆಯ ಬ್ಯಾಕಪ್ ಅಳಿಸುವ ಸಾಲು ಅದರ ನಂತರ ಬರಬೇಕು. ಮೊದಲು ಅಳಿಸಿ ಆಮೇಲೆ ಹೊಸದು ತೆಗೆಯುವ ಸ್ಕ್ರಿಪ್ಟ್, ಡಿಸ್ಕ್ ತುಂಬಿದ ವಾರದಲ್ಲಿ ಒಂದೊಂದಾಗಿ ಎಲ್ಲವನ್ನೂ ಅಳಿಸಿಬಿಡುತ್ತದೆ. ಪಾಸ್‌ವರ್ಡ್ ಅನ್ನು ಆಜ್ಞೆಯ ಸಾಲಿನಲ್ಲಿ ಬರೆಯಬೇಡಿ. ಪೋಸ್ಟ್‌ಗ್ರೆಸ್‌ಗೆ ಪಿಜಿಪಾಸ್ ಫೈಲ್ ಇದೆ; ಅದರ ಅನುಮತಿ 0600 (ಮಾಲೀಕ ಮಾತ್ರ ಓದಿ ಬರೆಯಬಹುದು) ಇರಬೇಕು, ಸಡಿಲವಾಗಿದ್ದರೆ ಅದನ್ನು ಓದುವುದೇ ಇಲ್ಲ.

ಇನ್ನು ಸೂಚನೆಯ ವಿಷಯ. ವಿಫಲವಾದಾಗ ಇಮೇಲ್ ಬರಲಿ ಎಂಬ ವ್ಯವಸ್ಥೆ ಸಾಲದು. ಆ ಇಮೇಲ್ ಕೂಡ ವಿಫಲವಾಗಬಹುದು, ಸರ್ವರ್ ಪೂರ್ತಿ ಸತ್ತಿದ್ದರೆ ಇಮೇಲ್ ಕಳುಹಿಸುವವರೇ ಇರುವುದಿಲ್ಲ. ತಿರುಗಿಸಿ ಯೋಚಿಸಿ: ಯಶಸ್ವಿಯಾದಾಗಲೆಲ್ಲ ಬೇರೊಂದು ಯಂತ್ರಕ್ಕೆ ಸಂಕೇತ ಹೋಗಲಿ, ನಿಗದಿತ ಹೊತ್ತಿಗೆ ಸಂಕೇತ ಬಾರದಿದ್ದರೆ ಆ ಯಂತ್ರ ಕೂಗಿ ಹೇಳಲಿ. ಜೊತೆಗೆ ಇಂದಿನ ಫೈಲ್ ನಿನ್ನೆಯದಕ್ಕಿಂತ ಗಣನೀಯವಾಗಿ ಚಿಕ್ಕದಾಗಿದ್ದರೂ ಎಚ್ಚರಿಸುವಂತೆ ಮಾಡಿ.

5. ಕನ್ನಡ ಅಕ್ಷರಗಳ ಪರೀಕ್ಷೆ

ನಮ್ಮ ಡೇಟಾಬೇಸ್‌ಗಳಲ್ಲಿ ಸದಸ್ಯರ ಹೆಸರು, ಊರು, ಸರ್ವೆ ವಿವರ ಕನ್ನಡದಲ್ಲಿರುತ್ತವೆ. ಬ್ಯಾಕಪ್ ಮತ್ತು ರಿಸ್ಟೋರ್ ನಡುವೆ ಮೊದಲು ಹಾಳಾಗುವುದು ಅವೇ. ಇಂಗ್ಲಿಷ್ ಅಕ್ಷರ, ಅಂಕಿ ಎಲ್ಲ ಸರಿಯಾಗಿ ಬಂದಿರುವುದರಿಂದ ಪರೀಕ್ಷಿಸಿದವರಿಗೆ ಏನೂ ಕಾಣುವುದಿಲ್ಲ.

ಒಂದು ಹೆಸರನ್ನು ಹಿಡಿದು ನೋಡೋಣ: ಲಕ್ಷ್ಮೀ. ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ನಲ್ಲಿ ಅದು ಲ, ಕ, ವಿರಾಮ, ಷ, ವಿರಾಮ, ಮ, ದೀರ್ಘ ಈಕಾರದ ಚಿಹ್ನೆ ಎಂದು ಏಳು ಸಂಕೇತ. ಕನ್ನಡದ ಪ್ರತಿ ಸಂಕೇತಕ್ಕೂ ಯುಟಿಎಫ್-8 ಎಂಬ ಶೇಖರಣೆಯ ವಿಧಾನದಲ್ಲಿ ಮೂರು ಬೈಟ್, ಒಟ್ಟು 21 ಬೈಟ್. ರಿಸ್ಟೋರ್ ಆದ ಟೇಬಲ್‌ನಲ್ಲಿ ಈ ಹೆಸರಿನ ಸಂಕೇತಗಳ ಸಂಖ್ಯೆ ಮತ್ತು ಬೈಟ್‌ಗಳ ಸಂಖ್ಯೆ ಎರಡನ್ನೂ ಕೇಳಿ. 7 ಮತ್ತು 21 ಬಂದರೆ ಕ್ಷೇಮ. 7 ಮತ್ತು 7 ಬಂದರೆ ಅಲ್ಲಿರುವುದು ಏಳು ಪ್ರಶ್ನಾರ್ಥಕ ಚಿಹ್ನೆಗಳು. ಆ ನಕಲಿನಿಂದ ಹೆಸರನ್ನು ಮರಳಿ ಪಡೆಯುವ ದಾರಿಯೇ ಇಲ್ಲ. ಬೈಟ್‌ಗಳು 21ಕ್ಕಿಂತ ಎಷ್ಟೋ ಹೆಚ್ಚಿದ್ದು, ಪರದೆಯಲ್ಲಿ ತಲೆಯ ಮೇಲೆ ಗೀಟಿರುವ ರೋಮನ್ ಅಕ್ಷರ ಮತ್ತೆ ಮತ್ತೆ ಕಂಡರೆ, ಯುಟಿಎಫ್-8 ಬೈಟ್‌ಗಳನ್ನು ಲ್ಯಾಟಿನ್-1 (ಯುರೋಪಿನ ಭಾಷೆಗಳ ಹಳೆಯ ಅಕ್ಷರಕೋಶ) ಎಂದು ತಿಳಿದು ಎರಡನೇ ಸಲ ಪರಿವರ್ತಿಸಲಾಗಿದೆ ಎಂದರ್ಥ. ಅದನ್ನು ಸಾಮಾನ್ಯವಾಗಿ ಸರಿಪಡಿಸಬಹುದು, ಆದರೆ ಮೂಲ ಡಂಪ್ ಅನ್ನು ಮುಟ್ಟದೆ ಇಟ್ಟುಕೊಂಡು ನಕಲಿನ ಮೇಲೆ ಮಾಡಿ.

ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳಲ್ಲಿ ಪೂರ್ವನಿಗದಿತ ಅಕ್ಷರಕೋಶ ಲ್ಯಾಟಿನ್-1 ಆಗಿತ್ತು, 8.0ರಿಂದ ಅದು ಯುಟಿಎಫ್8ಎಂಬಿ4. ಡಂಪ್ ತೆಗೆಯುವಾಗಲೂ ತುಂಬಿಸುವಾಗಲೂ ಅಕ್ಷರಕೋಶವನ್ನು ಬಾಯಿಬಿಟ್ಟು ಹೇಳುವುದು ಕ್ಷೇಮ. ವಿಂಡೋಸ್ ಬಳಸುವವರಿಗೆ ಒಂದು ವಿಶೇಷ ಎಚ್ಚರಿಕೆ: ಪವರ್‌ಶೆಲ್‌ನಲ್ಲಿ ಮೈಎಸ್‌ಕ್ಯೂಎಲ್‌ಡಂಪ್‌ನ ಹೊರಹರಿವನ್ನು ಬಾಣದ ಚಿಹ್ನೆಯಿಂದ ಫೈಲ್‌ಗೆ ತಿರುಗಿಸಿದರೆ ಆ ಫೈಲ್ ಯುಟಿಎಫ್-16 ಆಗಿಬಿಡಬಹುದು, ಮೈಎಸ್‌ಕ್ಯೂಎಲ್ ಅದನ್ನು ಸರಿಯಾಗಿ ಓದಲಾರದು. ಅದರ ಬದಲು --ರಿಸಲ್ಟ್-ಫೈಲ್ ಎಂಬ ಆಯ್ಕೆಯಲ್ಲಿ ಫೈಲ್ ಹೆಸರು ಕೊಡಿ.

6. ಕಳೆದ ನಿಮಿಷದವರೆಗೂ ಮರಳಬೇಕಾದರೆ

ರಾತ್ರಿಯ ಡಂಪ್ ರಾತ್ರಿಗಷ್ಟೇ ಮರಳಿಸುತ್ತದೆ. ಬೆಳಗ್ಗೆ 11 ಗಂಟೆ 42 ನಿಮಿಷದ ಸ್ಥಿತಿಗೆ ಮರಳಬೇಕಾದರೆ ಬದಲಾವಣೆಗಳ ದಾಖಲೆಯನ್ನೂ ಉಳಿಸಬೇಕು. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಎಂಬ ಲಾಗ್‌ಗೆ ಬರೆಯುತ್ತದೆ. ಈ ಲಾಗ್ 16 ಮೆಗಾಬೈಟ್‌ನ ತುಂಡುಗಳಾಗಿ ಬೆಳೆಯುತ್ತದೆ. ಪಿಜಿ_ಬೇಸ್‌ಬ್ಯಾಕಪ್‌ನಿಂದ ಇಡೀ ಸರ್ವರ್‌ನ ನಕಲು ತೆಗೆದು, ಅಲ್ಲಿಂದಾಚೆಗಿನ ತುಂಡುಗಳನ್ನೆಲ್ಲ ಬೇರೆ ಯಂತ್ರಕ್ಕೆ ಸಾಗಿಸುತ್ತಿದ್ದರೆ, ನಡುವಿನ ಯಾವ ಗಳಿಗೆಗೆ ಬೇಕಾದರೂ ಮರಳಬಹುದು.

ಸಾಗಿಸುವ ಆಜ್ಞೆಗೆ ಆರ್ಕೈವ್_ಕಮಾಂಡ್ ಎಂದು ಹೆಸರು. ಅದು ಎರಡು ಶಿಸ್ತು ಪಾಲಿಸಬೇಕು: ನಿಜವಾಗಿ ತಲುಪಿದಾಗ ಮಾತ್ರ ಯಶಸ್ಸು ಎನ್ನಬೇಕು, ಆ ಹೆಸರಿನ ಫೈಲ್ ಅಲ್ಲಿ ಮೊದಲೇ ಇದ್ದರೆ ಅದರ ಮೇಲೆ ಬರೆಯಬಾರದು. ಆಜ್ಞೆ ವಿಫಲವಾಗುತ್ತಲೇ ಇದ್ದರೆ ಪೋಸ್ಟ್‌ಗ್ರೆಸ್ ತುಂಡುಗಳನ್ನು ಅಳಿಸದೆ ಕೂಡಿಡುತ್ತದೆ. ಡಿಸ್ಕ್ ತುಂಬಿದ ದಿನ ಸರ್ವರ್ ನಿಲ್ಲುತ್ತದೆ. ಹಾಗಾಗಿ ಈ ತುಂಡುಗಳಿರುವ ಪಿಜಿ_ವಾಲ್ ಡೈರೆಕ್ಟರಿಯ ಗಾತ್ರದ ಮೇಲೆ ಕಣ್ಣಿಡಿ. ವಹಿವಾಟು ಕಡಿಮೆ ಇರುವ ಸಂಘದಲ್ಲಿ 16 ಮೆಗಾಬೈಟ್ ತುಂಬಲು ಗಂಟೆಗಟ್ಟಲೆ ಬೇಕಾಗಬಹುದು, ಅಷ್ಟು ಹೊತ್ತಿನ ಕೆಲಸ ಮೂಲ ಯಂತ್ರದಲ್ಲೇ ಉಳಿದಿರುತ್ತದೆ. ಆರ್ಕೈವ್_ಟೈಮ್‌ಔಟ್ ಅನ್ನು ಐದು ನಿಮಿಷಕ್ಕೆ ಇಟ್ಟರೆ ತುಂಬದ ತುಂಡೂ ಹೊರಡುತ್ತದೆ. ಇದನ್ನೆಲ್ಲ ಸ್ವಂತ ಸ್ಕ್ರಿಪ್ಟ್‌ನಿಂದ ಕಟ್ಟುವ ಬದಲು ಇದಕ್ಕೆಂದೇ ಇರುವ ಪಿಜಿಬ್ಯಾಕ್‌ರೆಸ್ಟ್ ಅಥವಾ ಬಾರ್ಮನ್ ಸಾಧನ ಬಳಸಿ ಎಂಬುದು ನನ್ನ ಗಟ್ಟಿ ಸಲಹೆ.

ಇಡೀ ಸರ್ವರ್‌ನ ಇಂಥ ನಕಲನ್ನು ಅದೇ ಮುಖ್ಯ ಆವೃತ್ತಿಯ ಪೋಸ್ಟ್‌ಗ್ರೆಸ್‌ನಲ್ಲಿ ಮಾತ್ರ ತೆರೆಯಬಹುದು. ಆಪರೇಟಿಂಗ್ ಸಿಸ್ಟಂ ಕೂಡ ಮುಖ್ಯ. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ, 2018ರಲ್ಲಿ ಬಂದ 2.28ನೇ ಆವೃತ್ತಿ ಅಕ್ಷರಗಳನ್ನು ಅನುಕ್ರಮದಲ್ಲಿ ಜೋಡಿಸುವ ನಿಯಮವನ್ನೇ ಬದಲಿಸಿತು. ಅದಕ್ಕಿಂತ ಹಳೆಯ ಲಿನಕ್ಸ್‌ನಲ್ಲಿ ತೆಗೆದ ನಕಲನ್ನು ಹೊಸ ಲಿನಕ್ಸ್‌ನಲ್ಲಿ ತೆರೆದರೆ ಪಠ್ಯದ ಇಂಡೆಕ್ಸ್‌ಗಳು (ಬೇಗ ಹುಡುಕಲು ಕಟ್ಟಿಟ್ಟ ಸೂಚಿಗಳು) ತಪ್ಪು ಉತ್ತರ ಕೊಡಬಹುದು. ಅವನ್ನು ಮತ್ತೆ ಕಟ್ಟಬೇಕು. ಡಂಪ್‌ನಿಂದ ರಿಸ್ಟೋರ್ ಮಾಡುವಾಗ ಇಂಡೆಕ್ಸ್‌ಗಳು ಹೊಸದಾಗಿಯೇ ಹುಟ್ಟುವುದರಿಂದ ಈ ತೊಂದರೆ ಇಲ್ಲ.

ಮೈಎಸ್‌ಕ್ಯೂಎಲ್‌ನಲ್ಲಿ ಇದೇ ಕೆಲಸವನ್ನು ಬೈನರಿ ಲಾಗ್ ಮಾಡುತ್ತದೆ. 8.0ರಲ್ಲಿ ಅದು ಮೊದಲಿಂದಲೇ ಆನ್ ಇರುತ್ತದೆ, 30 ದಿನ ಉಳಿಯುತ್ತದೆ. ಆದರೆ ಉಳಿಯುವುದು ಅದೇ ಸರ್ವರ್‌ನಲ್ಲಿ. ಬೇರೆಡೆಗೆ ಸಾಗಿಸುವುದು ನಿಮ್ಮ ಹೊಣೆ.

7. ಎಲ್ಲಿ ಇಡುವುದು, ಯಾರ ಕೈಯಲ್ಲಿ

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಕಟ್ಟಡದ ಹೊರಗೆ ಎಂಬ ನಿಯಮ ಹಳೆಯದಾದರೂ ಸರಿಯಾದದ್ದು. ಇಂದು ಅದಕ್ಕೆ ಇನ್ನೊಂದು ಷರತ್ತು ಸೇರಿಸಬೇಕು: ಡೇಟಾಬೇಸ್ ಸರ್ವರ್‌ಗೆ ನುಗ್ಗಿದವನಿಗೆ ಬ್ಯಾಕಪ್ ಅಳಿಸಲು ಆಗಬಾರದು. ಸುಲಿಗೆಗಾಗಿ ಡೇಟಾಕ್ಕೆ ಬೀಗ ಹಾಕುವವರು ಮೊದಲು ಹುಡುಕುವುದೇ ಬ್ಯಾಕಪ್‌ಗಳನ್ನು. ಸರ್ವರ್‌ಗೆ ಬರೆಯುವ ಅನುಮತಿ ಕೊಡಿ, ಅಳಿಸುವ ಅನುಮತಿ ಕೊಡಬೇಡಿ. ಅಥವಾ ಬ್ಯಾಕಪ್ ಯಂತ್ರವೇ ಬಂದು ಎಳೆದುಕೊಂಡು ಹೋಗುವಂತೆ ಮಾಡಿ. ಕ್ಲೌಡ್ ಸಂಗ್ರಹದಲ್ಲಿ ನಿಗದಿತ ದಿನಗಳವರೆಗೆ ಅಳಿಸಲಾಗದಂತೆ ಬಂಧಿಸುವ ಆಬ್ಜೆಕ್ಟ್ ಲಾಕ್ ಸೌಲಭ್ಯವಿದ್ದರೆ ಬಳಸಿ.

ಫೈಲ್‌ಗಳನ್ನು ಗೂಢಲಿಪಿಗೊಳಿಸಿಯೇ ಹೊರಗೆ ಕಳುಹಿಸಿ. ಸದಸ್ಯರ ಆಧಾರ್, ಖಾತೆ, ಫೋನ್ ಎಲ್ಲವೂ ಆ ಒಂದು ಫೈಲ್‌ನಲ್ಲಿರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಹೊಣೆ ಮೂಲ ಡೇಟಾಬೇಸ್‌ಗೆ ಎಷ್ಟಿದೆಯೋ ಅದರ ನಕಲಿಗೂ ಅಷ್ಟೇ ಇದೆ. ಬಿಚ್ಚುವ ಕೀಲಿಯನ್ನು ಅದೇ ಸರ್ವರ್‌ನಲ್ಲಿ ಇಡಬೇಡಿ. ಸರ್ವರ್ ಸುಟ್ಟರೆ ಬ್ಯಾಕಪ್ ಇದ್ದೂ ತೆರೆಯಲಾಗದು. ಕೀಲಿಯ ಒಂದು ಮುದ್ರಿತ ಪ್ರತಿ ಕಚೇರಿಯ ತಿಜೋರಿಯಲ್ಲಿರಲಿ.

ಏಳು ದಿನದ್ದು, ನಾಲ್ಕು ವಾರದ್ದು, ಹನ್ನೆರಡು ತಿಂಗಳದ್ದು ಎಂದು ಉಳಿಸಿಕೊಂಡರೆ ಬಹುತೇಕರಿಗೆ ಸಾಕು. ತಪ್ಪು ಯಾವಾಗಲೂ ಅದೇ ದಿನ ಗೊತ್ತಾಗುವುದಿಲ್ಲ. ಮಾರ್ಚ್ 31ರ ಲೆಕ್ಕ ಮುಗಿದ ನಂತರದ ಪ್ರತಿಯನ್ನು ಬೇರೆಯಾಗಿ ತೆಗೆದಿಡಿ, ಲೆಕ್ಕಪರಿಶೋಧಕರು ಬಂದಾಗ ಬೇಕಾಗುತ್ತದೆ.

8. ತಿಂಗಳಿಗೊಮ್ಮೆ ರಿಸ್ಟೋರ್ ಮಾಡಿ ನೋಡಿ

ಬೇರೊಂದು ಯಂತ್ರ ತೆಗೆದುಕೊಳ್ಳಿ. ಹಳೆಯ ಡೆಸ್ಕ್‌ಟಾಪ್ ಆದರೂ ಆದೀತು. ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕತ್ತರಿಸಿ. ಇದು ಅತಿ ಎಚ್ಚರಿಕೆಯಲ್ಲ. ಡೇಟಾಬೇಸ್‌ನೊಳಗೆ ಕಳುಹಿಸಬೇಕಾದ ಎಸ್‌ಎಂಎಸ್‌ಗಳ, ಪಾವತಿಗಳ ಸರದಿ ಇರುತ್ತದೆ. ರಿಸ್ಟೋರ್ ಆದ ತಂತ್ರಾಂಶ ಎಚ್ಚೆತ್ತು ಹಳೆಯ ಸಂದೇಶಗಳನ್ನೆಲ್ಲ ಸದಸ್ಯರಿಗೆ ಮತ್ತೆ ಕಳುಹಿಸಿಬಿಡಬಹುದು.

ಬ್ಯಾಕಪ್ ಫೈಲನ್ನು ಹೊರಗಿನ ಪ್ರತಿಯಿಂದಲೇ ತನ್ನಿ, ತಿಜೋರಿಯ ಕೀಲಿಯಿಂದಲೇ ಬಿಚ್ಚಿ. ಮೊದಲು ಬಳಕೆದಾರರ ಫೈಲ್ ಓಡಿಸಿ. ಆಮೇಲೆ ಟೆಂಪ್ಲೇಟ್0 ಎಂಬ ಮೂಲ ಮಾದರಿಯ ಆಧಾರದ ಮೇಲೆ ಖಾಲಿ ಡೇಟಾಬೇಸ್ ಸೃಷ್ಟಿಸಿ, ಪಿಜಿ_ರಿಸ್ಟೋರ್ ಅನ್ನು --ಎಗ್ಸಿಟ್-ಆನ್-ಎರರ್ ಜೊತೆಗೆ ಓಡಿಸಿ. ಇದನ್ನು ಹೇಳದಿದ್ದರೆ ದೋಷಗಳ ನಡುವೆಯೂ ಅದು ಮುಂದುವರಿಯುತ್ತ ಹೋಗುತ್ತದೆ, ಕೊನೆಯಲ್ಲಿ ದೋಷಗಳ ಸಂಖ್ಯೆ ಹೇಳಿ ಸುಮ್ಮನಾಗುತ್ತದೆ. ಪಠ್ಯದ ಡಂಪ್ ತುಂಬಿಸುವ ಪಿಎಸ್‌ಕ್ಯೂಎಲ್ ಕೂಡ ಹಾಗೆಯೇ. ಅದಕ್ಕೆ ಆನ್_ಎರರ್_ಸ್ಟಾಪ್ ಎಂಬ ಚರವನ್ನು ಆನ್ ಮಾಡಿ; ಇದರ ಹೆಸರನ್ನು ಮಾತ್ರ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕು. ಯಂತ್ರದಲ್ಲಿ ನಾಲ್ಕು ಕೋರ್ ಇದ್ದರೆ --ಜಾಬ್ಸ್=4 ಕೊಡಿ, ಇಂಡೆಕ್ಸ್ ಕಟ್ಟುವ ಸಮಯ ಉಳಿಯುತ್ತದೆ. ಮುಗಿದ ಮೇಲೆ ಅನಲೈಜ್ ಓಡಿಸಿ. ಅದಿಲ್ಲದೆ ಡೇಟಾಬೇಸ್‌ಗೆ ತನ್ನ ಟೇಬಲ್‌ಗಳ ಅಂದಾಜೇ ಇರುವುದಿಲ್ಲ. ಎಲ್ಲವೂ ತೆವಳುತ್ತದೆ, ಬ್ಯಾಕಪ್ ಕೆಟ್ಟಿದೆ ಎಂದು ಜನ ತಪ್ಪು ತಿಳಿಯುತ್ತಾರೆ.

ಈಗ ಪರೀಕ್ಷೆ. ದೊಡ್ಡ ಟೇಬಲ್‌ಗಳ ಸಾಲುಗಳ ಎಣಿಕೆ, ಕೊನೆಯ ರಸೀದಿಯ ಸಂಖ್ಯೆ ಮತ್ತು ಸಮಯ, ಒಟ್ಟು ಜಮಾ ಮತ್ತು ಒಟ್ಟು ಖರ್ಚು, ಯಾದೃಚ್ಛಿಕವಾಗಿ ಆರಿಸಿದ ಕೆಲವು ಖಾತೆಗಳ ಶಿಲ್ಕು. ಡಂಪ್ ತೆಗೆಯುವ ಸ್ಕ್ರಿಪ್ಟ್‌ನಲ್ಲೇ ಈ ಮೊತ್ತಗಳನ್ನು ಒಂದು ಚಿಕ್ಕ ಫೈಲ್‌ಗೆ ಬರೆಸಿದ್ದರೆ ಹೋಲಿಸುವುದು ಸುಲಭ. ಎರಡರ ನಡುವೆ ಕೆಲವು ಸೆಕೆಂಡುಗಳ ಅಂತರವಿರುತ್ತದೆ ಎಂಬುದು ನೆನಪಿರಲಿ. ಕನ್ನಡ ಹೆಸರಿನ ಪರೀಕ್ಷೆಯನ್ನೂ ಇಲ್ಲೇ ಮಾಡಿ. ನಂತರ ಲೆಕ್ಕದ ಗುಮಾಸ್ತರನ್ನು ಕರೆದು ತಂತ್ರಾಂಶ ತೆರೆಸಿ, ಒಂದು ದಿನದ ವರದಿ ಮುದ್ರಿಸಲು ಹೇಳಿ. ನಮಗೆ ಸಾಲುಗಳ ಎಣಿಕೆ ಕಾಣುತ್ತದೆ, ಅವರಿಗೆ ತಪ್ಪಿದ ಖಾತೆ ಕಾಣುತ್ತದೆ. ಪೂರ್ತಿ ಕೆಲಸಕ್ಕೆ ಎಷ್ಟು ಹೊತ್ತಾಯಿತೆಂದು ಬರೆದು 1ನೇ ಹಂತದ ಹಾಳೆಯೊಂದಿಗೆ ಹೋಲಿಸಿ. ಪರೀಕ್ಷೆ ಮುಗಿದ ಮೇಲೆ ಆ ಡೇಟಾವನ್ನು ಅಳಿಸಿ.

ಸಾಧ್ಯವಾದರೆ ಒಂದು ಸಲ ಈ ಕೆಲಸವನ್ನು ನಿಮ್ಮ ಸಹೋದ್ಯೋಗಿಗೆ ಒಪ್ಪಿಸಿ. ನೀವು ಬರೆದಿಟ್ಟ ಹಂತಗಳನ್ನು ನೋಡಿಕೊಂಡೇ ಅವರು ಮಾಡಲಿ, ನೀವು ಬಾಯಿ ಹಾಕಬೇಡಿ. ಎಲ್ಲಿ ಅವರು ನಿಂತರೋ ಅಲ್ಲಿ ಬರಹ ತಿದ್ದಿ.

9. ನಿಜವಾಗಿ ಡೇಟಾ ಹೋದ ದಿನ

ಮೊದಲು ತಂತ್ರಾಂಶವನ್ನು ನಿಲ್ಲಿಸಿ, ಹೊಸ ನಮೂದು ಬೀಳದಂತೆ ಮಾಡಿ. ಏನು ನಡೆಯಿತು, ಎಷ್ಟು ಹೊತ್ತಿಗೆ ನಡೆಯಿತು ಎಂದು ಬರೆದುಕೊಳ್ಳಿ. ಯಾವ ಸರ್ವರ್‌ನಲ್ಲಿದ್ದೀರಿ ಎಂಬುದನ್ನು ಪರದೆಯ ಮೇಲಿನ ಹೆಸರಿನಿಂದ ಖಚಿತಪಡಿಸಿಕೊಳ್ಳಿ, ಪಕ್ಕದವರಿಂದ ಗಟ್ಟಿಯಾಗಿ ಓದಿಸಿ. ಮುಖ್ಯ ಸರ್ವರ್‌ನ ಟರ್ಮಿನಲ್‌ಗೆ ಕೆಂಪು ಬಣ್ಣ ಕೊಟ್ಟಿಟ್ಟುಕೊಂಡಿದ್ದರೆ ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ.

ಹಾಳಾಗಿರುವುದನ್ನು ಅಳಿಸಬೇಡಿ. ಸರ್ವರ್ ನಿಲ್ಲಿಸಿ ಇಡೀ ಡೇಟಾ ಡೈರೆಕ್ಟರಿಯನ್ನು ಬೇರೆಡೆಗೆ ನಕಲಿಸಿಟ್ಟುಕೊಳ್ಳಿ. ಅಷ್ಟು ಜಾಗವಿಲ್ಲದಿದ್ದರೆ ಪಿಜಿ_ವಾಲ್ ಡೈರೆಕ್ಟರಿಯನ್ನಾದರೂ ಉಳಿಸಿ. ಇನ್ನೂ ಸಾಗಿಸದೆ ಉಳಿದ ಕೊನೆಯ ನಿಮಿಷಗಳ ಬದಲಾವಣೆಗಳು ಅದರಲ್ಲೇ ಇರುತ್ತವೆ.

ರಿಸ್ಟೋರ್ ಅನ್ನು ಹಳೆಯದರ ಮೇಲೆ ಮಾಡದೆ, ಹೊಸ ಹೆಸರಿನ ಡೇಟಾಬೇಸ್‌ಗೆ ಅಥವಾ ಹೊಸ ಯಂತ್ರಕ್ಕೆ ಮಾಡಿ. ಹೋಗಿರುವುದು ಒಂದೇ ಟೇಬಲ್ ಆಗಿದ್ದರೆ ಇಡೀ ಡೇಟಾಬೇಸನ್ನು ಹಿಂದಕ್ಕೆ ಕೊಂಡೊಯ್ಯುವ ಅಗತ್ಯವಿಲ್ಲ. ಪಕ್ಕದಲ್ಲಿ ರಿಸ್ಟೋರ್ ಮಾಡಿ, ಕಳೆದ ಸಾಲುಗಳನ್ನಷ್ಟೇ ಅಲ್ಲಿಂದ ತಂದು ಸೇರಿಸಿ. ಪಿಜಿ_ರಿಸ್ಟೋರ್‌ಗೆ ಒಂದೇ ಟೇಬಲ್ ಹೆಸರು ಕೊಟ್ಟು ತೆಗೆದರೆ ಅದರ ಇಂಡೆಕ್ಸ್‌ಗಳು ಜೊತೆಗೆ ಬರುವುದಿಲ್ಲ ಎಂಬುದನ್ನು ಗಮನಿಸಿ.

ಗಳಿಗೆ ಹೇಳಿ ಮರಳಿಸುವುದಾದರೆ ಬೇಸ್ ಬ್ಯಾಕಪ್ ಅನ್ನು ಹರಡಿ, ಲಾಗ್‌ಗಳನ್ನು ಎಲ್ಲಿಂದ ತರಬೇಕೆಂದು ರಿಸ್ಟೋರ್_ಕಮಾಂಡ್‌ನಲ್ಲಿ ಹೇಳಿ, ರಿಕವರಿ.ಸಿಗ್ನಲ್ ಎಂಬ ಖಾಲಿ ಫೈಲ್ ಸೃಷ್ಟಿಸಿ. 2019ರ 12ನೇ ಆವೃತ್ತಿಗಿಂತ ಹಿಂದಿನ ಪಾಠಗಳಲ್ಲಿ ಬರುವ ರಿಕವರಿ.ಕಾನ್ಫ್ ಈಗ ಇಲ್ಲ. ಅದು ಇದ್ದರೆ ಸರ್ವರ್ ಶುರುವಾಗುವುದೇ ಇಲ್ಲ. ರಿಕವರಿ_ಟಾರ್ಗೆಟ್_ಟೈಮ್ ಬರೆಯುವಾಗ +05:30 ಎಂದು ಕಾಲವಲಯ ಸೇರಿಸಿ. ಅದನ್ನು ಬಿಟ್ಟರೆ ಯುಟಿಸಿ ಸರ್ವರ್ ಐದೂವರೆ ಗಂಟೆ ತಪ್ಪಿದ ಗಳಿಗೆಯನ್ನು ಗುರಿಯಾಗಿ ಹಿಡಿಯುತ್ತದೆ. ಅಳಿಸಿಹೋದ ಕ್ಷಣವನ್ನೂ ದಾಟಿ ಮುಂದಕ್ಕೆ ಓಡುತ್ತದೆ. ಗುರಿಯನ್ನು ಅನುಮಾನಿತ ಸಮಯಕ್ಕಿಂತ ಒಂದೆರಡು ನಿಮಿಷ ಹಿಂದೆಯೇ ಇಡಿ. ಅಲ್ಲಿಗೆ ತಲುಪಿದಾಗ ಪೋಸ್ಟ್‌ಗ್ರೆಸ್ ತಡೆದು ನಿಲ್ಲುತ್ತದೆ, ಓದಿ ನೋಡಲು ಬಿಡುತ್ತದೆ. ಸಾಲದೆನಿಸಿದರೆ ಸರ್ವರ್ ನಿಲ್ಲಿಸಿ, ಗುರಿಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ಮತ್ತೆ ಆರಂಭಿಸಬಹುದು. ಹಿಂದಕ್ಕೆ ಸರಿಸಲು ಮಾತ್ರ ಆಗದು, ಬೇಸ್ ಬ್ಯಾಕಪ್‌ನಿಂದ ಮತ್ತೆ ಮೊದಲುಮಾಡಬೇಕು.

8ನೇ ಹಂತದ ಪರೀಕ್ಷೆಗಳನ್ನೆಲ್ಲ ಇಲ್ಲೂ ಮಾಡಿ, ಕೌಂಟರಿನವರ ಒಪ್ಪಿಗೆ ಪಡೆದು, ತಂತ್ರಾಂಶವನ್ನು ಹೊಸ ಡೇಟಾಬೇಸ್ ಕಡೆಗೆ ತಿರುಗಿಸಿ. ಕಾಗದದಲ್ಲಿರುವ ವ್ಯತ್ಯಾಸದ ನಮೂದುಗಳನ್ನು ಆಮೇಲೆ ಸೇರಿಸಿ. ಕೆಲಸ ಶುರುವಾದ ತಕ್ಷಣ ಹೊಸದಾಗಿ ಪೂರ್ಣ ಬ್ಯಾಕಪ್ ತೆಗೆಯಿರಿ, ರೆಪ್ಲಿಕಾ ಇದ್ದರೆ ಅದನ್ನೂ ಹೊಸದಾಗಿ ಕಟ್ಟಿ. ಹಳೆಯ ಡೇಟಾ ಡೈರೆಕ್ಟರಿಯ ನಕಲನ್ನು ಮುಂದಿನ ತಿಂಗಳ ಲೆಕ್ಕ ತಾಳೆಯಾಗುವವರೆಗೆ ಅಳಿಸಬೇಡಿ.